ಪ್ರಸಾದಿಯ ಉಗ್ರಾಣ



ಅಷ್ಟಾವರಣಗಳನ್ನು ಎಣಿಸುವಾಗ ನಾವು ಗುರುವಿನಿಂದ ಪ್ರಾರಂಭಿಸಿ ಲಿಂಗ, ಜಂಗಮ, ವಿಭೂತಿ, ರುದ್ರಾಕ್ಷಿ, ಮಂತ್ರ, ಪಾದೋದಕಗಳನ್ನು ಹೇಳಿ ಕಟ್ಟಕಡೆಗೆ ಪ್ರಸಾದಕ್ಕೆ ಬಂದು ನಿಲ್ಲುತ್ತೇವೆ. ಎಣಿಕೆಯಲ್ಲಿ ಕಡೆಯದಾದರೂ ಗೃಹಸ್ಥನಾದವನು ದಿನಕ್ಕೆರಡು ಮೂರು ಸಲ ತಪ್ಪದೆ ಎದುರುಗೊಳ್ಳುವ ಆವರಣವೆಂದರೆ ಪ್ರಸಾದವೇ ಆಗಿದೆ. ಗುರುವು ದೀಕ್ಷೆಯನ್ನು ಅನುಗ್ರಹಿಸುವುದು ಒಮ್ಮೆ. ಹಸಿವಾದರೋ ನಿತ್ಯವೂ ಬಾಗಿಲು ತಟ್ಟುತ್ತದೆ. ಲಿಂಗಕ್ಕೆ ಅರ್ಪಿತವಾಗುವುದಕ್ಕೆ ಮುಂಚೆ ಅದು ಪದಾರ್ಥ, ಅರ್ಪಿತವಾದ ಬಳಿಕ ಅದೇ ಪ್ರಸಾದವೆಂಬುದನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಆದರೆ ಆ ಪದಾರ್ಥವು ಎಲ್ಲಿಂದ ಬಂದಿತು, ಯಾವ ಚೀಲದಲ್ಲಿ ಎಷ್ಟು ತಿಂಗಳು ಕುಳಿತಿದ್ದಿತು, ಯಾರ ಕೈಯಲ್ಲಿ ಹಸನಾಯಿತು, ಒಲೆಯ ಮೇಲೆ ಅದಕ್ಕೆ ಏನಾಯಿತು ಎಂಬುದನ್ನು ವಿಚಾರಿಸುವವರು ವಿರಳ. ಇಂದಿನ ಮಾತು ಅದನ್ನು ಕುರಿತದ್ದು.

ಅಡಿಗೆಮನೆಯ ಸಂಗತಿ ಪ್ರವಚನಕ್ಕೆ ತಕ್ಕುದೇ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಅಂಥವರು ಅನುಭವಮಂಟಪದಲ್ಲಿ ಕುಳಿತಿದ್ದವರ ಹೆಸರುಗಳನ್ನೊಮ್ಮೆ ನೆನೆಯಲಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನವರು ಅಲ್ಲಿದ್ದರು. ಬತ್ತವನ್ನು ಕುಟ್ಟಿ ಅಕ್ಕಿ ಮಾಡುವ ಕಾಯಕದ ಕೊಟ್ಟಣದ ಸೋಮಮ್ಮನವರು ಅಲ್ಲಿದ್ದರು. ಗಾಣದ ಕಣ್ಣಪ್ಪನವರು, ಒಕ್ಕಲು ಮುದ್ದಯ್ಯನವರು, ಕಟ್ಟಿಗೆಯ ಹೊರೆಯನ್ನು ಹೊತ್ತು ಮಾರುತ್ತಿದ್ದ ಮೋಳಿಗೆಯ ಮಾರಯ್ಯನವರು, ಎಲ್ಲರೂ ಅಲ್ಲಿಯವರೇ. ಉಳುವವನು, ಕುಟ್ಟುವವಳು, ಎಣ್ಣೆ ತೆಗೆಯುವವನು, ಸೌದೆ ತರುವವನು, ಇಷ್ಟು ಜನ ಒಂದೆಡೆ ಸೇರಿದರೆ ಅಡಿಗೆಮನೆಗೆ ಇನ್ನೇನು ಕೊರತೆ? ಅವರ ನಡುವೆ ಹುಟ್ಟಿದ ಧರ್ಮಕ್ಕೆ ಮೊರವೂ ಒನಕೆಯೂ ಹೊರಗಿನವಲ್ಲ.

ಇಲ್ಲಿ ಒಂದು ಆಕ್ಷೇಪವುಂಟು. ಅದನ್ನು ನಾನು ಅನೇಕ ಸದ್ಭಕ್ತರ ಬಾಯಲ್ಲಿ ಕೇಳಿದ್ದೇನೆ. ಅರ್ಪಿತವಾದಮೇಲೆ ಎಲ್ಲವೂ ಪ್ರಸಾದವೇ ಆಗುವುದಾದರೆ ಅಕ್ಕಿ ಹುಳುಕೋ ಬೇಳೆ ಮುಗ್ಗಲೋ ಎಂದು ನೋಡುವುದು ಅವಿಶ್ವಾಸವಲ್ಲವೆ? ಪ್ರಸಾದದಲ್ಲಿ ಗುಣದೋಷಗಳನ್ನು ಹುಡುಕಬಾರದೆಂದು ಹಿರಿಯರೇ ಹೇಳಿಲ್ಲವೆ? ಹೇಳಿದ್ದಾರೆ, ಸಂಶಯವಿಲ್ಲ. ಪ್ರಸಾದಿಯಾದವನು ಕೈಗೆ ಬಂದುದನ್ನು ಜರೆಯನು, ಒಂದಗುಳನ್ನೂ ಬಿಸುಡನು. ಈ ನಿಯಮವು ಇಷ್ಟು ಕಠಿನವಾಗಿರುವುದರಿಂದಲೇ ಅದಕ್ಕೆ ಮುಂಚಿನ ಹೊಣೆ ಅಷ್ಟು ಭಾರವಾಗಿದೆ. ತಳಿಗೆಯ ಮುಂದೆ ಕುಳಿತ ಮೇಲೆ ಪ್ರಸಾದಿಗೆ ಆಯ್ಕೆಯಿಲ್ಲ. ಮೊರದ ಮುಂದೆ ಕುಳಿತಾಗ ಇದೆ. ಅಲ್ಲಿ ಕಣ್ಣು ಮುಚ್ಚಿದವನು ಇಲ್ಲಿ ಕಣ್ಣು ತೆರೆದು ಪ್ರಯೋಜನವಿಲ್ಲ.

ಹಂಪೆಯ ಹರಿಹರನನ್ನೇ ನೋಡಿರಿ. ಪಂಪಾಕ್ಷೇತ್ರದ ವಿರೂಪಾಕ್ಷನಿಗೆ ಹೂವನ್ನು ಕೊಯ್ದು ತರುವ ಒಂದೇ ಒಂದು ಕೆಲಸವನ್ನು ಕುರಿತು ಆ ಮಹಾಕವಿಯು ‘ಪುಷ್ಪರಗಳೆ’ಯೆಂಬ ಒಂದು ರಗಳೆಯನ್ನೇ ರಚಿಸಿದನು. ನಸುಕಿನಲ್ಲಿ ಏಳುವುದೇನು, ತೋಟಕ್ಕೆ ಹೋಗುವುದೇನು, ಒಂದೊಂದು ಹೂವನ್ನೂ ಪ್ರೀತಿಯಿಂದ ಮಾತನಾಡಿಸಿ ಬಿಡಿಸುವುದೇನು! ಇಂದಿಗೂ ನಮ್ಮಲ್ಲಿ ತೂತು ಬಿದ್ದ ಬಿಲ್ವಪತ್ರೆಯನ್ನು ಯಾರೂ ಲಿಂಗಕ್ಕೇರಿಸರು. ಪತ್ರೆಯನ್ನು ಹಿಂದುಮುಂದು ತಿರುಗಿಸಿ ನೋಡುವ ಅದೇ ಕೈ ಜೋಳದ ಚೀಲವನ್ನು ಬಾಯಿ ಬಿಚ್ಚದೆಯೇ ಗಿರಣಿಗೆ ಕಳುಹಿಸುವುದಾದರೆ, ಆ ಭಕ್ತಿಯಲ್ಲಿ ಎಲ್ಲಿಯೋ ಒಂದು ಬಿರುಕಿದೆಯೆಂದು ನನಗೆ ತೋರುತ್ತದೆ. ಹೂವು ಲಿಂಗದ ಮೇಲೆ ಒಂದು ಹೊತ್ತು ಇರುವುದು. ಅನ್ನವು ಭಕ್ತನ ದೇಹವಾಗಿ, ಆ ದೇಹವೇ ಲಿಂಗಕ್ಕೆ ಮನೆಯಾಗಿ ನಿಲ್ಲುವುದು.

ಇನ್ನು ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ. ಇಂದಿನ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಈ ದಂಪತಿಗಳ ಕಾಯಕವು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದಾಗಿದ್ದಿತು. ಒಂದು ದಿನ ಮಾರಯ್ಯನವರು ಎಂದಿಗಿಂತಲೂ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ನೋಡಿದೊಡನೆಯೇ ಅಳತೆ ಮೀರಿದುದನ್ನು ಅರಿತರು. ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿಬರುವಂತೆ ಗಂಡನನ್ನು ಹಿಂದಿರುಗಿಸಿದರು. ಉಳಿದಷ್ಟರಲ್ಲಿಯೇ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ಉಣಬಡಿಸಿದರೆಂದು ಪರಂಪರೆ ಹೇಳುತ್ತದೆ. ಆ ಪವಾಡವನ್ನು ಕೊಂಡಾಡುವವರು ಬಹಳ. ಹಿಂದಕ್ಕೆ ಹೋದ ಅಕ್ಕಿಯನ್ನು ನೆನೆಯುವವರು ಕಡಮೆ. ನನ್ನ ಮಟ್ಟಿಗೆ ಪವಾಡಕ್ಕಿಂತ ಅದೇ ಹೆಚ್ಚಿನದು. ಅಕ್ಕಿಯಲ್ಲಿ ದೋಷವಿರಲಿಲ್ಲ, ಬಂದ ಬಗೆಯಲ್ಲಿ ದೋಷವಿದ್ದಿತು. ಕಾಳಿನಲ್ಲಿ ಹುಳುವಿದೆಯೇ ಎಂದು ನೋಡುವುದು ಮೊದಲನೆಯ ಆಯ್ಕೆಯಲ್ಲ. ಇದು ನಮ್ಮ ಪಾಲಿನದೇ ಎಂದು ಕೇಳುವುದು ಮೊದಲನೆಯದು.

ಸುಗ್ಗಿಯಲ್ಲಿ ಸಾಲದ ಕೊರಳುಪಟ್ಟಿಗೆ ಸಿಕ್ಕಿ ಕಣದಲ್ಲಿಯೇ ಕಾಳನ್ನು ಮಾರಿ ಹೋಗುವ ರೈತನ ಮುಂದೆ ನಿಂತು, ಪೇಟೆಯ ಧಾರಣೆಗಿಂತ ಕೆಳಗಿಳಿಸಿ ವರ್ಷದ ಗ್ರಾಸವನ್ನು ಕೊಂಡೆವೆಂದು ಹಿಗ್ಗುವ ಗೃಹಸ್ಥರುಂಟು. ತೂಕದ ಕಲ್ಲಿನಲ್ಲಿ ಒಂದು ಹಿಡಿ ತನ್ನ ಕಡೆಗೆ ಬಂದರೆ ಸುಮ್ಮನಿರುವವರೂ ಉಂಟು. ಆ ಕಾಳನ್ನು ಎಷ್ಟು ತೊಳೆದರೂ ಹಸನಾಗದು. ಪರಿಚಯದ ಒಕ್ಕಲಿಗನಿಂದ ನ್ಯಾಯವಾದ ಬೆಲೆಗೆ, ಕಣ್ಣೆದುರಿಗೆ ಅಳೆಯಿಸಿ ಕೊಳ್ಳುವುದರಲ್ಲಿ ಇನ್ನೊಂದು ಲಾಭವಿದೆ: ಆ ಕಾಳಿಗೆ ಏನು ಸಿಂಪಡಿಸಿದ್ದರು, ಮಳೆಗೆ ಸಿಕ್ಕಿತ್ತೋ ಇಲ್ಲವೋ ಎಂದು ಕೇಳಿ ತಿಳಿಯಬಹುದು. ಬಣ್ಣದ ಲಕೋಟೆ ಬಾಯಿ ಬಿಡುವುದಿಲ್ಲ.

ಈಗ ಕಡ್ಡಿರಾಂಪುರದ ಕಡೆಗೆ ಬರೋಣ. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಈ ಊರು ಇದೆ. ಹಂಪಿಯ ಸುತ್ತಣ ಈ ನೆಲಕ್ಕೆ ವಿಜಯನಗರದ ಅರಸರ ಕಾಲದಲ್ಲಿ ತೆಗೆಸಿದ ತುರ್ತಾ ಮೊದಲಾದ ಕಾಲುವೆಗಳು ಇಂದಿಗೂ ನೀರುಣಿಸುತ್ತಿವೆ. ಬಂಡೆಗಳ ನಡುವೆ ಬಾಳೆಯ ತೋಟ, ಕಬ್ಬು, ಬತ್ತದ ಗದ್ದೆಗಳು ಕಣ್ಣಿಗೆ ತಂಪನ್ನೀಯುತ್ತವೆ. ಸುಮಾರು 1520ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸಿನ ಪ್ರವಾಸಿ ದೊಮಿಂಗೊ ಪಾಯೆಸನು ಈ ಪಟ್ಟಣವು ದಿನಸಿಯಿಂದ ತುಂಬಿತುಳುಕುತ್ತಿದ್ದುದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಅಕ್ಕಿ ಗೋಧಿಗಳ ಜೊತೆಗೆ ಜೋಳ, ಹೆಸರು, ಹುರುಳಿ, ನಾನಾ ಬಗೆಯ ದ್ವಿದಳಗಳು ಅವನ ಪಟ್ಟಿಯಲ್ಲಿವೆ. ಹೇಮಕೂಟದ ಮಗ್ಗುಲಲ್ಲಿ ನಮ್ಮ ಜನ ಎರಡು ಏಕಶಿಲಾ ಗಣಪತಿಗಳಿಗೆ ಇಟ್ಟ ಹೆಸರುಗಳನ್ನು ನೋಡಿರಿ: ಸುಮಾರು 8 ಅಡಿ ಎತ್ತರದವನು ಸಾಸಿವೆಕಾಳು, ಸುಮಾರು 15 ಅಡಿ ಎತ್ತರದವನು ಕಡಲೆಕಾಳು! ಬೆಟ್ಟದಂತಹ ಮೂರ್ತಿಯನ್ನು ಕಂಡು ಅಡಿಗೆಮನೆಯ ಡಬ್ಬಿಯನ್ನು ನೆನೆದ ಆ ಹಿಂದಿನವರು ಕಾಳನ್ನು ಎಷ್ಟು ಹತ್ತಿರದಿಂದ ಬಲ್ಲವರಾಗಿದ್ದಿರಬೇಕು!

1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಹರಿಯತೊಡಗಿದ ಮೇಲೆ ಈ ಸೀಮೆಯ ಬಡತನ ಎಷ್ಟೋ ಹಿಂಗಿತು. ಅದನ್ನು ಮರೆತು ಮಾತನಾಡುವುದು ಕೃತಘ್ನತೆ. ಆದರೆ ನೀರಿನ ಜೊತೆಯಲ್ಲಿ ಇನ್ನೊಂದು ಬದಲಾವಣೆಯೂ ಬಂದಿತು. ಕಂಪ್ಲಿ, ಸಿರುಗುಪ್ಪ, ಗಂಗಾವತಿಗಳ ಕಡೆ ಜೋಳ ಬೆಳೆಯುತ್ತಿದ್ದ ಎರೆಹೊಲಗಳು ಬತ್ತದ ಗದ್ದೆಗಳಾದವು. ರೊಟ್ಟಿಯ ಹಂಚು ಇದ್ದ ಕಡೆ ಅನ್ನದ ಪಾತ್ರೆ ಬಂದು ಕುಳಿತಿತು. ಅನ್ನವೇನೂ ಅಪರಾಧವಲ್ಲ. ಆ ಅಕ್ಕಿಯನ್ನು ಕೊಟ್ಟಣದಲ್ಲಿ ಕುಟ್ಟದೆ, ಮಲ್ಲಿಗೆಯಂತೆ ಬೆಳ್ಳಗಾಗುವವರೆಗೆ ಯಂತ್ರದಲ್ಲಿ ಉಜ್ಜಿಸುವುದಿದೆಯಲ್ಲ, ಅಲ್ಲಿ ನಷ್ಟವಾಯಿತು.

ಈ ನಷ್ಟವೆಂತಹುದೆಂಬುದನ್ನು ಜಗತ್ತು ಬಹಳ ದುಃಖಪಟ್ಟು ಕಲಿಯಿತು. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯನು ಒಂದು ವಿಚಿತ್ರವನ್ನು ಕಂಡನು. ಉಜ್ಜಿದ ಬಿಳಿ ಅಕ್ಕಿಯ ಅನ್ನವನ್ನೇ ತಿಂದ ಕೋಳಿಗಳ ಕಾಲುಗಳು ಸೋತು ಬಿದ್ದವು. ತೌಡು ಸಹಿತವಾದ ಅಕ್ಕಿಯನ್ನು ಕೊಟ್ಟೊಡನೆ ಅವು ಚೇತರಿಸಿಕೊಂಡವು. ಮನುಷ್ಯರನ್ನು ಸಾವಿರಗಟ್ಟಲೆ ಕೊಲ್ಲುತ್ತಿದ್ದ ಬೆರಿಬೆರಿಯೆಂಬ ಬೇನೆಯ ಮೂಲವನ್ನು ಹುಡುಕಲು ಇದೇ ದಾರಿಯಾಯಿತು. ತೌಡಿನಲ್ಲಿದ್ದು ಹೋದ ವಸ್ತುವು ಮುಂದೆ ಬಿ 1 ಜೀವಸತ್ವವೆಂದು ಗೊತ್ತಾಯಿತು. 1929ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕವೂ ಸಂದಿತು. ಕಾಳಿನ ಸಿಪ್ಪೆ ತೌಡುಗಳಲ್ಲಿ ನಾರು, ಲವಣಗಳು, ಜೀವಸತ್ವಗಳು ಇರುತ್ತವೆ. ಮೊಳಕೆಯ ಭಾಗದಲ್ಲಿ ಎಣ್ಣೆಯೂ ಸಾರವೂ ಇರುತ್ತದೆ. ನಡುವಣ ಬಿಳಿಯ ಭಾಗದಲ್ಲಿ ಬಹುಪಾಲು ಹಿಟ್ಟು ಮಾತ್ರ. ಸಾರವನ್ನು ದನಕ್ಕೆ ಹಾಕಿ ಹಿಟ್ಟನ್ನು ತಾನಿಟ್ಟುಕೊಳ್ಳುವುದು ಯಾವ ಜಾಣತನವೋ ನಾನರಿಯೆ. ದನಗಳು ಮಾತ್ರ ಪುಣ್ಯವಂತವು.

ಇದಕ್ಕೂ ಧರ್ಮಕ್ಕೂ ಏನು ಸಂಬಂಧವೆನ್ನುವಿರಾ? ನಮ್ಮ ಮದುವೆ ಮುಂಜಿಗಳ, ಅಯ್ಯಾಚಾರಗಳ ಪಂಕ್ತಿಯನ್ನು ನೋಡಿರಿ. ಬೀಗರಿಗೆ ಬೆಳ್ಳನೆಯ ಸಣ್ಣಕ್ಕಿ. ಹೊಲದಲ್ಲಿ ದುಡಿದವರಿಗೆ ಜೋಳದ ನುಚ್ಚು. ನವಣೆ, ಸಾಮೆ, ಸಜ್ಜೆ, ರಾಗಿಗಳನ್ನು ಬಡವರ ಕಾಳೆಂದು ಕರೆದು ಅತಿಥಿಯ ಕಣ್ಣಿಗೆ ಬೀಳದಂತೆ ಒಳಗಿಟ್ಟೆವು. ಮನುಷ್ಯರೊಳಗೆ ಮೇಲುಕೀಳನ್ನು ಅಳಿಸಬಂದ ಶರಣರ ಮಕ್ಕಳು ಕಾಳುಗಳೊಳಗೆ ಜಾತಿಭೇದವನ್ನು ಕಟ್ಟಿ ಅದರ ಮೂಲಕ ಮನುಷ್ಯರಿಗೇ ಮತ್ತೆ ಅದನ್ನು ಅಂಟಿಸಿದರಲ್ಲ! ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದಂಶವಿದೆ. ಉಜ್ಜಿದ ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಕಿರುಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಪಟ್ಟಣದ ಶ್ರೀಮಂತರು ನವಣೆಯನ್ನು ಹುಡುಕಿಕೊಂಡು ಹೊರಟರು. ಒಳ್ಳೆಯದೇ. ಆದರೆ ಕಾಳಿನ ಬೆಲೆ ಏರಿದ್ದರಿಂದ ಅದನ್ನು ಬೆಳೆದವಳೇ ಕೊಳ್ಳಲಾರದಂತಾದರೆ ಅದು ಇನ್ನೊಂದು ಬಗೆಯ ಪಂಕ್ತಿಭೇದವಲ್ಲದೆ ಮತ್ತೇನು?

ಇನ್ನು ಮೊರದ ಮುಂದೆ ಕುಳಿತುಕೊಳ್ಳೋಣ. ಬಿಳಿಜೋಳವನ್ನು ಅಂಗೈಯಲ್ಲಿ ಹಿಡಿದರೆ ಮುತ್ತಿನಂತೆ ಹೊಳಪಿರಬೇಕು, ಹಲ್ಲಿಗೆ ಕಟ್ಟೆಂದು ಒಡೆಯಬೇಕು. ಮೆತ್ತಗೆ ಅಮುಕಿದರೆ ಒಣಗಿಲ್ಲವೆಂದು ತಿಳಿಯಿರಿ. ತೆನೆ ನಿಂತಾಗ ಮಳೆ ಹೊಡೆದ ಜೋಳ ಕಪ್ಪಿಟ್ಟು ಬೂದು ಹಿಡಿದಿರುತ್ತದೆ. ಅದು ಅಗ್ಗವಾಗಿ ಸಿಕ್ಕುವುದಕ್ಕೆ ಕಾರಣವೂ ಅದೇ. ಬೊಗಸೆ ಕಾಳನ್ನು ನೀರಿಗೆ ಹಾಕಿದರೆ ಗಟ್ಟಿಯದು ಮುಳುಗುತ್ತದೆ, ಹುಳು ಕೊರೆದದ್ದು ತೇಲುತ್ತದೆ. ಹೆಸರು, ಅಲಸಂದೆ, ಕಡಲೆಗಳ ಮೇಲೆ ಬಿಳಿಯ ಚುಕ್ಕೆಗಳು ಅಂಟಿಕೊಂಡಿದ್ದರೆ ಅವು ಕೀಟದ ಮೊಟ್ಟೆಗಳು. ತೊಗರಿಬೇಳೆಯಲ್ಲಿ ಮೂಲೆಮೂಲೆಯಾಗಿ, ಬೆಣೆಯಾಕಾರದಲ್ಲಿ ಕಾಣುವ ಬೇಳೆಗಳಿದ್ದರೆ ಅವು ಕೇಸರಿಬೇಳೆ ಇರಬಹುದು. ಅದನ್ನು ತಿಂಗಳುಗಟ್ಟಲೆ ಹೆಚ್ಚಾಗಿ ತಿಂದವರ ಕಾಲುಗಳು ಸೆಟೆದು ನಡಿಗೆ ನಿಲ್ಲುವುದುಂಟು.

ಶೇಂಗಾದ ವಿಷಯವನ್ನು ಮಾತ್ರ ತಾಯಂದಿರು ಕಿವಿಗೊಟ್ಟು ಕೇಳಬೇಕು. ಬೂಸಲು ಬಂದ, ಸುಕ್ಕಿದ, ಬಣ್ಣ ಕೆಟ್ಟ, ಕಹಿಯಾದ ಬೀಜಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು. ಅದು ಯಕೃತ್ತನ್ನು ಕೆಡಿಸುವಂಥದು. ಬಹುಕಾಲ ಹೊಟ್ಟೆಗೆ ಹೋದರೆ ಅರ್ಬುದಕ್ಕೂ ಕಾರಣವಾಗುವುದು. ಹುರಿದರೂ ಬೇಯಿಸಿದರೂ ಅದು ಪೂರ್ತಿಯಾಗಿ ಹೋಗದು. ಕೆಟ್ಟ ಬೀಜವನ್ನು ಖಾರ ಹಾಕಿ ಹಿಂಡಿಯಲ್ಲಿ ಅಡಗಿಸುವ ವಾಡಿಕೆಯನ್ನು ಇಂದೇ ಬಿಡತಕ್ಕದ್ದು. ಅನ್ನವನ್ನು ಚೆಲ್ಲಬಾರದೆಂಬ ಮಾತು ಇಲ್ಲಿಗೆ ಅನ್ವಯಿಸದು; ವಿಷವು ಪದಾರ್ಥವೇ ಅಲ್ಲ. ದನಕ್ಕೂ ಹಾಕದಿರಿ, ಹಾಲಿನ ದಾರಿಯಲ್ಲಿ ಅದು ಮತ್ತೆ ಮನೆಗೆ ಬರುವುದು.

ಕೂಡಿಡುವುದು ಒಂದು ವಿದ್ಯೆ. ನಮ್ಮ ಹಿರಿಯರ ಮನೆಗಳಲ್ಲಿ ಕಣಜವಿದ್ದಿತು, ಮಣ್ಣಿನ ಗುಡಾಣಗಳಿದ್ದವು, ಎರೆಯ ಸೀಮೆಯಲ್ಲಿ ನೆಲದೊಳಗೆ ಹಗೇವುಗಳಿದ್ದವು. ಎಲ್ಲದರ ಗುಟ್ಟೂ ಒಂದೇ: ಕಾಳು ಒಣಗಿರಬೇಕು, ಗಾಳಿಯೂ ತೇವವೂ ಒಳಗೆ ಹೋಗಬಾರದು. ಹಗೇವಿನಲ್ಲಿ ಮುಚ್ಚಿಟ್ಟ ಜೋಳವು ಒಳಗಿನ ಪ್ರಾಣವಾಯುವನ್ನು ತಾನೇ ಬಳಸಿ ತೀರಿಸುವುದರಿಂದ ಹುಳುಗಳು ಉಸಿರುಗಟ್ಟಿ ಸಾಯುತ್ತವೆ. ಹುಳುವಿಗೆ ಆಗುವುದು ಮನುಷ್ಯನಿಗೂ ಆಗುತ್ತದೆ. ಬಾಯಿ ತೆರೆದೊಡನೆ ಒಳಗಿಳಿದವರು ಮೇಲಕ್ಕೆ ಬರಲಿಲ್ಲ. ಅವರನ್ನು ಎತ್ತಲು ಇಳಿದವರೂ ಬರಲಿಲ್ಲ. ಆದಕಾರಣವೇ ಹಿರಿಯರು ಒಂದು ಹೊತ್ತು ಬಾಯಿ ತೆರೆದಿಟ್ಟು, ಬಳಿಕ ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡುತ್ತಿದ್ದರು. ದೀಪ ನಂದಿದರೆ ಇಳಿಯುತ್ತಿರಲಿಲ್ಲ. ಹಗೇವುಗಳು ಈಗ ಬಹುಮಟ್ಟಿಗೆ ಮುಚ್ಚಿಹೋಗಿವೆ. ಎಲ್ಲಿಯಾದರೂ ಉಳಿದಿದ್ದರೆ ಈ ಮಾತು ನೆನಪಿನಲ್ಲಿರಲಿ.

ದ್ವಿದಳಗಳನ್ನು ಕೊರೆಯುವ ಕೀಟದ ಮೊಟ್ಟೆಗಳು ಹೊಲದಿಂದಲೇ ಕಾಳಿನ ಸಂಗಡ ಮನೆಗೆ ಬರುತ್ತವೆ. ಬೇಸಿಗೆಯ ಬಿರುಬಿಸಿಲಿನಲ್ಲಿ ತೆಳುವಾಗಿ ಹರವಿ ಎರಡು ಮೂರು ದಿನ ಒಣಗಿಸಿ, ಆರಿದಮೇಲೆಯೇ ತುಂಬಬೇಕು. ಬಿಸಿಯಿದ್ದಾಗಲೇ ತುಂಬಿದರೆ ಬೆವರು ಕೂಡುತ್ತದೆ. ಬೇಳೆಗಳಿಗೆ ಕಿಲೋಗೊಂದು ಚಹಾ ಚಮಚದಷ್ಟು ಹರಳೆಣ್ಣೆಯನ್ನು ಸವರಿಟ್ಟರೆ ಮೊಟ್ಟೆಗಳು ಮರಿಯಾಗವು. ರಾಗಿಯು ತಾನು ಸುಲಭವಾಗಿ ಹುಳುವಿಗೆ ಬಲಿಯಾಗದು, ಬಹುವರ್ಷ ಉಳಿಯುವುದು. ಆದುದರಿಂದ ಅವರೆ ತೊಗರಿಗಳನ್ನು ರಾಗಿಯೊಳಗೆ ಹುದುಗಿಸಿಡುವ ಪದ್ಧತಿಯೂ ಇದೆ. ಆ ಸಣ್ಣ ಕಾಳು ಸಂದುಗಳನ್ನೆಲ್ಲ ತುಂಬಿ ಕೀಟಕ್ಕೆ ಓಡಾಡಲು ಎಡೆಗೊಡದು. ಬೇವಿನ ಎಲೆ, ಲಕ್ಕಿಯ ಎಲೆ, ಜರಡಿ ಹಿಡಿದ ಬೂದಿ, ಇವನ್ನು ಅಜ್ಜಿಯರು ಬಳಸುತ್ತಿದ್ದರು. ಎಲೆ ಪೂರ್ತಿ ಒಣಗಿರಬೇಕೆಂಬುದೊಂದೇ ನಿಯಮ. ಉಣ್ಣುವ ಕಾಳಿನ ನಡುವೆ ವಿಷದ ಗುಳಿಗೆಯನ್ನಿಡುವ ಚಾಳಿ ಕೆಲವು ಮನೆಗಳಿಗೆ ಬಂದಿದೆ. ಅದರ ಹೊಗೆಯಿಂದ ಮಲಗಿದ್ದವರು ಮಲಗಿದಲ್ಲಿಯೇ ಸತ್ತಿದ್ದಾರೆ. ವಾಸದ ಮನೆಯಲ್ಲಿ ಅದು ಸರ್ವಥಾ ಕೂಡದು.

ತೌಡಿರುವ ಅಕ್ಕಿಯನ್ನು ಕೊಂಡವರು, ಇದು ಬೇಗ ಕಮಟುತ್ತದೆ, ಎಂದು ದೂರುತ್ತಾರೆ. ದೂರು ನಿಜವೇ. ತೌಡಿನಲ್ಲಿರುವ ಎಣ್ಣೆ ಗಾಳಿಗೆ ಕೆಡುತ್ತದೆ. ಬತ್ತವಾಗಿದ್ದರೆ ಹೊಟ್ಟಿನ ಕವಚದೊಳಗೆ ವರ್ಷಗಟ್ಟಲೆ ಇರುವ ಕಾಳು ಅಕ್ಕಿಯಾದಮೇಲೆ ತಿಂಗಳುಗಳ ಮಾತು. ಬತ್ತವನ್ನು ಕೂಡಿಟ್ಟು ಬೇಕಾದಷ್ಟನ್ನೇ ಆಗಾಗ ಕುಟ್ಟುತ್ತಿದ್ದುದರ ಮರ್ಮ ಇದು. ಕೊಟ್ಟಣದ ಕಾಯಕಕ್ಕೆ ಬಿಡುವಿಲ್ಲದಿದ್ದುದೂ ಇದರಿಂದಲೇ. ಸಜ್ಜೆಯ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ, ವಾರಕ್ಕೆ ಬೇಕಾದಷ್ಟನ್ನು ಮಾತ್ರ ಬೀಸಿಸಿರಿ. ಅಗಸೆ, ಗುರೆಳ್ಳು, ಎಳ್ಳುಗಳನ್ನು ಇಡಿಯಾಗಿಟ್ಟು ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಮಾಡಿರಿ. ಅಗಸೆಯನ್ನಂತೂ ಹುರಿದು ಕುಟ್ಟದೆ ಇಡಿಯಾಗಿ ನುಂಗಿದರೆ ಬಂದ ಹಾಗೆಯೇ ಹೋಗುತ್ತದೆ.

ಕಣಜವಿಲ್ಲದವರ ಗತಿಯೇನು? ಈ ಪ್ರಶ್ನೆಯು ಕಡ್ಡಿರಾಂಪುರದಲ್ಲಿ ಬರಿಯ ತರ್ಕವಲ್ಲ. ವಿರೂಪಾಕ್ಷನ ಎದುರಿನ ರಥಬೀದಿಯ ಸಾಲುಮಂಟಪಗಳಲ್ಲಿ ಬಾಳುವೆ ಮಾಡಿಕೊಂಡು, ಯಾತ್ರಿಕರಿಗೆ ಅನ್ನ ತಿಂಡಿಗಳನ್ನು ಮಾರಿ ಜೀವಿಸುತ್ತಿದ್ದ ಅನೇಕ ಸಂಸಾರಗಳನ್ನು 2011ರ ಜುಲೈಯಲ್ಲಿ ಅಲ್ಲಿಂದ ಏಳಿಸಲಾಯಿತು. ಅವರಿಗೆ ನಿವೇಶನಗಳನ್ನು ಗೊತ್ತುಮಾಡಿದ್ದು ಕಡ್ಡಿರಾಂಪುರದ ಬಳಿಯಲ್ಲಿ. ಸ್ಮಾರಕಗಳ ರಕ್ಷಣೆಯ ನ್ಯಾಯಾನ್ಯಾಯಗಳನ್ನು ಇಲ್ಲಿ ಚರ್ಚಿಸಹೊರಟಿಲ್ಲ. ಒಂದೇ ಹಗಲಿನಲ್ಲಿ ಒಲೆ ಕದಲಿದ ಮನೆಗೆ ವರ್ಷದ ಗ್ರಾಸವನ್ನು ಕೂಡಿಡಿರೆಂದು ಬೋಧಿಸುವುದು ಕ್ರೂರವಾದೀತು. ಎರಡು ಅಂಕಣದ ಮನೆಯವರು ತಿಂಗಳಿಗೆ ಬೇಕಾದಷ್ಟನ್ನೇ ತರಲಿ. ಮುಚ್ಚಳ ಬಿಗಿಯಾದ ಎರಡು ತಗಡಿನ ಡಬ್ಬಿಗಳು ಸಾಕು. ಅವು ನೆಲಕ್ಕೂ ಗೋಡೆಗೂ ತಾಗದೆ ಹಲಗೆಯ ಮೇಲಿರಲಿ. ಹಳೆಯದು ಮುಗಿಯುವ ತನಕ ಹೊಸದನ್ನು ಅದರ ಮೇಲೆ ಸುರಿಯದಿರಲಿ. ನಾಲ್ಕು ಮನೆಯವರು ಕೂಡಿ ಒಂದು ಚೀಲವನ್ನು ಒಕ್ಕಲಿಗನಿಂದಲೇ ಕೊಂಡು ಹಂಚಿಕೊಂಡರೆ ಬೆಲೆಯೂ ಇಳಿಯುವುದು, ಕಾಳೂ ಹೊಸದಿರುವುದು. ಕಣಜವುಳ್ಳ ಹಳೆಯ ಒಕ್ಕಲುಗಳು ಆ ಚೀಲಕ್ಕೆ ತಮ್ಮ ಪಡಸಾಲೆಯಲ್ಲಿ ಒಂದು ಮೂಲೆಯನ್ನು ಬಿಟ್ಟುಕೊಟ್ಟರೆ ಅದೂ ದಾಸೋಹವೇ. ದಾರಿಯ ಬದಿಯಲ್ಲಿ ಪರಸ್ಥಳದವರಿಗೆ ಉಣಬಡಿಸುವ ತಾಯಂದಿರಿಗೆ ಇನ್ನೊಂದು ಮಾತು: ಮತ್ತೆ ಬರುವವನಲ್ಲವೆಂದು ತಿಳಿದು ಮುಗ್ಗಲು ಹಿಟ್ಟಿನ ರೊಟ್ಟಿಯನ್ನು ಅವನಿಗೆ ದಾಟಿಸಬಾರದು. ಊರಿಂದೂರಿಗೆ ನಡೆಯುವವನಲ್ಲವೆ ಜಂಗಮ?

ಅಡಿಗೆಯಲ್ಲಿ ಹೇಳಬೇಕಾದುದು ಹೆಚ್ಚಿಲ್ಲ. ನಮ್ಮ ತಾಯಂದಿರಿಗೆ ರೊಟ್ಟಿ ಬಡಿಯಲು ಕಲಿಸುವ ಧೈರ್ಯ ನನಗಿಲ್ಲ. ಜೋಳದ ಹಿಟ್ಟಿಗೆ ಗೋಧಿಯಂತೆ ಅಂಟಿಲ್ಲ, ಕುದಿಯುವ ನೀರು ಬಿದ್ದಾಗಲೇ ಅದರ ಪಿಷ್ಟ ಬೆಂದು ಜಿಗಿ ಬರುವುದೆಂಬುದು ಅವರ ಕೈಗೆ ಗೊತ್ತು. ಹೆಸರು, ಮಡಿಕೆ, ಹುರುಳಿಗಳನ್ನು ರಾತ್ರಿ ನೆನೆಯಿಟ್ಟು ಅರಿವೆಯಲ್ಲಿ ಕಟ್ಟಿ ಮೊಳೆಯಿಸಿದರೆ ಅವುಗಳಲ್ಲಿರುವ ಕಬ್ಬಿಣದಂಶವು ದೇಹಕ್ಕೆ ಹತ್ತುವುದು ಸುಲಭವಾಗುತ್ತದೆ. ಬೇಗ ಬೇಯಲೆಂದು ಬೇಳೆಗೆ ಸೋಡಾ ಹಾಕಬೇಡಿರಿ, ಬಿ 1 ಜೀವಸತ್ವವು ಅದರಿಂದ ನಾಶವಾಗುತ್ತದೆ. ಅಕ್ಕಿಯನ್ನು ನಾಲ್ಕೈದು ನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆಯುವುದೂ ಹಾಗೆಯೇ. ಹುರುಳಿ ಬೇಯಿಸಿದ ಕಟ್ಟನ್ನು ಸಾರಿಗೆ ಬಳಸುವ ನಮ್ಮ ಪದ್ಧತಿ ಬಹಳ ಒಳ್ಳೆಯದು. ಪುಂಡಿ, ಮೆಂತ್ಯ, ರಾಜಗಿರಿ ಸೊಪ್ಪುಗಳನ್ನು ತೊಳೆದ ಮೇಲೆ ಹೆಚ್ಚಬೇಕು, ಹೆಚ್ಚಿ ತೊಳೆಯಬಾರದು. ಒಂದು ಎಚ್ಚರಿಕೆಯೂ ಇದೆ. ಕಾಳು ಕಾಯಿಪಲ್ಯಗಳು ಎಷ್ಟೇ ಉತ್ತಮವಾಗಿದ್ದರೂ ಬಿ 12 ಎಂಬ ಜೀವಸತ್ವವು ಅವುಗಳಲ್ಲಿ ದೊರೆಯದು. ನಮ್ಮ ಮನೆಗಳಲ್ಲಿ ಹಾಲು ಮೊಸರು ಮಜ್ಜಿಗೆಗಳು ಆ ಕೊರತೆಯನ್ನು ತುಂಬುತ್ತವೆ. ಬಸುರಿಯರು, ವೃದ್ಧರು, ಹಾಲನ್ನು ಬಿಟ್ಟವರು, ಕೈಕಾಲು ಜೋಮು ಹಿಡಿಯುವುದೆನ್ನುವವರು ವೈದ್ಯರಲ್ಲಿ ವಿಚಾರಿಸತಕ್ಕದ್ದು. ಔಷಧವನ್ನು ಸೇವಿಸುವುದರಿಂದ ನೇಮಕ್ಕೆ ಭಂಗವಿಲ್ಲ.

ಅಂಬಲಿಯನ್ನು ಕುರಿತು ಒಂದು ಮಾತು ಹೇಳದೆ ಮುಂದುವರಿಯಲಾರೆ. ಕಾಶ್ಮೀರದ ಅರಸುತನವನ್ನು ತೊರೆದು ಬಂದರೆಂದು ಹೇಳಲಾಗುವ ಮೋಳಿಗೆಯ ಮಾರಯ್ಯನವರ ಗುಡಿಸಲಿನಲ್ಲಿ ಜಂಗಮರು ಅಂಬಲಿಯನ್ನು ಸವಿದು, ಅದರ ರುಚಿಯನ್ನು ಬಸವಣ್ಣನವರ ಮುಂದೆ ಬಣ್ಣಿಸಿದರಂತೆ. ಅಣ್ಣನವರು ತಾವೇ ಮರೆಯಾಗಿ ಹೋಗಿ ಕುಡಿದು, ಆ ಬಡತನವನ್ನು ಕಂಡು ಮರುಗಿ ಹೊನ್ನನ್ನು ಇಟ್ಟು ಬಂದರು. ಮಾರಯ್ಯನವರಿಗೆ ಅದರಿಂದ ಸಂತೋಷವಾಗಲಿಲ್ಲ, ನೋವಾಯಿತು. ಮಹಾಮನೆಯ ಪಕ್ವಾನ್ನಗಳನ್ನು ಉಂಡ ನಾಲಗೆಗೆ ಹಿಡಿಸಿದುದು ನುಚ್ಚಿನ ಅಂಬಲಿ! ರಾತ್ರಿಯೆಲ್ಲ ಹುಳಿಯೇರಿದ ಅಂಬಲಿಗೆ ಬೆಳಗ್ಗೆ ಮಜ್ಜಿಗೆ ಬೆರೆಸಿ ಉಳ್ಳಾಗಡ್ಡಿಯೊಂದಿಗೆ ಕುಡಿದ ಬಳ್ಳಾರಿಯ ಸೀಮೆಯ ರೈತನು ನಡುಹಗಲಿನವರೆಗೆ ಬಿಸಿಲನ್ನು ಲೆಕ್ಕಿಸನು. ಮನೆಯ ಮಕ್ಕಳು ಬಣ್ಣದ ಸೀಸೆಯ ಸಕ್ಕರೆನೀರನ್ನು ಕೇಳುವುದು ಅಂಬಲಿಯನ್ನು ನಾವು ಅವರ ಮುಂದೆ ನಾಚಿಕೆಯಿಂದ ಕುಡಿಯುವುದರಿಂದಲೇ ಇರಬೇಕು.

ಕಡೆಯದಾಗಿ ಮಠಗಳಿಗೆ ಬರುವ ಕಾಳಿನ ವಿಷಯ. ಇದನ್ನು ಹೇಳಲು ಸಂಕೋಚವಾಗುತ್ತದೆ; ಆದರೂ ಹೇಳದೆ ವಿಧಿಯಿಲ್ಲ. ಸಿದ್ಧಗಂಗೆಯಂತಹ ಕ್ಷೇತ್ರದಲ್ಲಿ 2019ರ ಜನವರಿ 21ರಂದು ಲಿಂಗೈಕ್ಯರಾದ ಡಾ. ಶಿವಕುಮಾರ ಮಹಾಸ್ವಾಮಿಗಳವರು ಬೆಳೆಸಿದ ದಾಸೋಹದ ಒಲೆಯ ಮುಂದೆ ಜಾತಿಮತಗಳ ಎಣಿಕೆಯಿಲ್ಲದೆ ಸಾವಿರಾರು ಮಕ್ಕಳು ಪಂಕ್ತಿಗೆ ಕೂರುತ್ತಾರೆ. ಊರೂರಿನ ಸಣ್ಣ ಮಠಗಳಲ್ಲಿಯೂ ಅದೇ ಕ್ರಮ ಚಿಕ್ಕದಾಗಿ ನಡೆಯುತ್ತಿದೆ. ಭಕ್ತರು ಕಾಳಿನ ಚೀಲಗಳನ್ನು ತಂದು ಒಪ್ಪಿಸುತ್ತಾರೆ. ಅವುಗಳಲ್ಲಿ ಬಹುಪಾಲು ಚಿನ್ನದಂತಹ ಕಾಳು. ಆದರೆ ಕೆಲವು ಚೀಲಗಳ ಬಾಯಿ ಬಿಚ್ಚಿದೊಡನೆ ಹಿಟ್ಟು ಹಾರುತ್ತದೆ, ಹುಳು ಹರಿಯುತ್ತದೆ. ಹೊಸ ಜೋಳ ಬರುವ ಮುಂಚೆ ಕಣಜವನ್ನು ಬರಿದುಮಾಡಬೇಕಾಗಿ ಬಂದಾಗ, ಮನೆಯವರು ಉಣ್ಣಲಾರದುದನ್ನು, ದನಕ್ಕೆ ಹಾಕಲೂ ಮನಸ್ಸಾಗದುದನ್ನು, ಪುಣ್ಯವಾದರೂ ಬರಲಿ ಎಂದು ಬಂಡಿಗೆ ಹೇರಿದ ಚೀಲವದು. ದಾಸೋಹದ ಅಡಿಗೆಯವನು ಅದನ್ನು ಕೇರಿ ಕೇರಿ ಬೇಸತ್ತು ಅರ್ಧವನ್ನು ಚೆಲ್ಲುತ್ತಾನೆ. ಉಳಿದರ್ಧವನ್ನು ಹತ್ತು ವರ್ಷದ ಮಗುವೊಂದು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಉಣ್ಣುತ್ತದೆ. ಆ ಮಗುವಿಗೆ ಮೊರದ ಮುಂದೆ ಕೂರುವ ಅವಕಾಶವನ್ನು ನಾವು ಕೊಟ್ಟಿರಲಿಲ್ಲ.

ಹಿಂಗಾರಿ ಜೋಳವು ಶಿವರಾತ್ರಿಯ ಆಸುಪಾಸಿನಲ್ಲಿ ಕಣಕ್ಕೆ ಬರುತ್ತದೆ. ಅಷ್ಟರೊಳಗೆ ಕಣಜವನ್ನು ಬರಿದುಮಾಡಿ, ಬಿರುಕುಗಳನ್ನು ಮೆತ್ತಿ, ಹಳೆಯ ಚೀಲಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿಟ್ಟುಕೊಳ್ಳಿರಿ. ಹಿಂದಿನ ವರ್ಷದ ಹುಳು ಕಾಯುವುದು ಅಲ್ಲಿಯೇ. ಕಾಳನ್ನು ತೂರಿ, ಹಸನುಮಾಡಿ, ಬಿಸಿಲಿಗೆ ಹಾಕಿ, ಆರಿಸಿ, ತುಂಬಲು ಸೇರನ್ನು ಕೈಗೆತ್ತಿಕೊಂಡಾಗ ಮೊದಲಿನ ಹತ್ತು ಸೇರುಗಳನ್ನು ಬೇರೆಯ ಚೀಲಕ್ಕೆ ಅಳೆಯಿರಿ. ಅದರ ಬಾಯನ್ನು ಹೊಲಿದು, ಮೇಲೆ ತಿಂಗಳು ವರ್ಷಗಳನ್ನು ಬರೆದು, ಆ ವಾರದಲ್ಲಿಯೇ ದಾಸೋಹಕ್ಕೆ ಮುಟ್ಟಿಸಿರಿ. ಕಣಜವನ್ನು ಅದಾದಮೇಲೆ ತುಂಬುವುದು.